ಅಣ್ಣ ಕೇಳಿದ ಹಿಸಾಬು

ಸಿವಿಲ್ ಇಂಜಿನಿಯರಿಂಗ್ ಓದಿಸಿದರೆ ಹೇಗೆ ಎಂದು ನನ್ನನ್ನು ಕೇಳುವವರಿಗೆ ಕಡಿಮೆಯಿಲ್ಲ. ಜೇವರ್ಗಿಯಲ್ಲಿ ನಾನು ದಿನಾ ಚಹಾ ಕುಡಿಯುವ ಹೋಟೆಲಿನ ಮಾಲೀಕರಿಂದ ಹಿಡಿದು ನಮ್ಮೂರ ಕಡೆಯ ಬೀಗರ ತನಕ, ಮನೆಯಲ್ಲಿ ಒಂದು ಮಗು ಪಿಯುಸಿಗೆ ಬಂದರೆ ಸಾಕು, ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. "ಖರ್ಚ ಎಷ್ಟ ಬರ್ತದ್ರಿ ಸಾಹೇಬ್ರ? ಆಮ್ಯಾಲ ಪಗಾರ ಎಷ್ಟ?" ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಫೀ, ರೂಮು, ಊಟ, ಬಸ್ಸು ಎಲ್ಲ ಕೂಡಿಸಿ ಒಂದು ಮೊತ್ತ ಹೇಳುತ್ತೇನೆ, ಕೆಲಸಕ್ಕೆ ಸೇರಿದಾಗ ಸಿಗುವ ಪಗಾರ ಹೇಳುತ್ತೇನೆ. ಕೇಳಿದವರ ಮುಖ ಸಪ್ಪಗಾದರೆ ಅದು ಅವರ ಪಾಡು. ಮುಖ ನೋಡಿ ಮಾತಾಡುವ ಗುಣ ನನಗೆ ಮೊದಲಿನಿಂದಲೂ ಇಲ್ಲ. ಈ ಸಲದ ಎಳ್ಳಮಾವಾಸ್ಯೆಯ ದಿನ ಅದೇ ಪ್ರಶ್ನೆಯನ್ನು ನನ್ನ ಅಣ್ಣ ಕೇಳಿದ.

ನಿಂಬರ್ಗಾದ ಹತ್ತಿರದ ನಮ್ಮ ಊರಿನಲ್ಲಿ ನಮಗಿರುವುದು ಸಣ್ಣದೊಂದು ತೊಗರಿ ಹೊಲ. ಅಪ್ಪ ತೀರಿಕೊಂಡಾಗ ನಾನಿನ್ನೂ ಕನ್ನಡ ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದೆ. ನನಗಿಂತ ಹನ್ನೆರಡು ವರ್ಷ ದೊಡ್ಡವನಾದ ಅಣ್ಣ ಊರಿನವರ ಜೊತೆ ಪುಣೆಯ ಬಸ್ಸು ಹತ್ತಿದ. ನಮ್ಮ ಕಡೆ ಒಬ್ಬ ಪುಣೆಗೆ ಹೋದ ಎಂದರೆ ಕಟ್ಟಡದ ಕೆಲಸಕ್ಕೆ ಹೋದ ಎಂದೇ ಅರ್ಥ. ಹೆಚ್ಚಿನ ವಿವರ ಯಾರೂ ಕೇಳುವುದಿಲ್ಲ. ಅಲ್ಲಿ ಅವನು ಸೆಂಟ್ರಿಂಗ್ ಕಲಿತ. ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ಮುಂಚೆ ಕೆಳಗೆ ಕಂಬ ನಿಲ್ಲಿಸಿ ಹಲಗೆ ಹೊಂದಿಸುವುದು, ಗಟ್ಟಿಯಾದ ಮೇಲೆ ಅದನ್ನೆಲ್ಲ ಬಿಚ್ಚಿ ಮೇಲಿನ ಮಹಡಿಗೆ ಒಯ್ಯುವುದು. ಎಷ್ಟು ಮಹಡಿ ಏರಿದ್ದಾನೋ ಅವನಿಗೇ ನೆನಪಿಲ್ಲ. ಮದುವೆಯಾದ ಮೇಲೂ ಅತ್ತಿಗೆ ಊರಲ್ಲೇ ಉಳಿದರು. ಅವನು ಸೈಟಿನ ತಗಡಿನ ಶೆಡ್ಡಿನಲ್ಲಿ ಇನ್ನೂ ಹತ್ತು ಜನರ ಜೊತೆ ಇದ್ದ.

ನಾನು ಪಿಯುಸಿ ಪಾಸಾದ ವರ್ಷ ನನ್ನನ್ನು ಎದುರಿಗೆ ಕೂಡಿಸಿಕೊಂಡು ಮಾತು ಮುಗಿಸಿಬಿಟ್ಟ.

"ನೀ ಸಿವಿಲ್ ಇಂಜಿನಿಯರ್ ಆಗು ತಮ್ಮಾ. ಫೀ ನಾ ನೋಡ್ಕೋತೇನಿ. ನಿಂದು ನೌಕರಿ ಒಂದು ದಂಡಿಗಿ ಹತ್ತಿತಂದ್ರ ನಾ ಊರಿಗಿ ವಾಪಸ್ ಬರ್ತೇನಿ. ನೀ ಗುತ್ತಿಗಿ ಹಿಡಿ, ನಿನ್ ಕೈಯಾಗ ಸೆಂಟ್ರಿಂಗ್ ನಾ ಮಾಡ್ತೇನಿ."

ನಮ್ಮಿಬ್ಬರ ನಡುವಿನ ಕರಾರು ಇಷ್ಟೇ. ನನ್ನ ಡಿಗ್ರಿ ಅವನನ್ನು ಮನೆಗೆ ಕರೆತರಬೇಕು. ಇಂಜಿನಿಯರ್ ಎಂದರೆ ಯಾರು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಸೈಟಿನಲ್ಲಿ ಕಣ್ಣಾರೆ ನೋಡಿದ್ದ. ವಾರಕ್ಕೊಮ್ಮೆ ಬಿಳಿ ಕಾರು ಬಂದು ನಿಲ್ಲುತ್ತಿತ್ತು. ಇಸ್ತ್ರಿ ಅಂಗಿಯ ಒಬ್ಬಾತ ಇಳಿದು, ಎರಡು ಮಾತಾಡಿ, ಎಳನೀರು ಕುಡಿದು ಹೋಗುತ್ತಿದ್ದ. ಕೂಲಿಯವರೆಲ್ಲ ಎದ್ದು ನಿಂತು "ಇಂಜಿನಿಯರ್ ಸಾಹೇಬ" ಎನ್ನುತ್ತಿದ್ದರು. ಆ ಕಾರಿನ ಸುದ್ದಿಯನ್ನು ಅಣ್ಣ ನನಗೆ ಎಷ್ಟು ಸಲ ಹೇಳಿದ್ದಾನೋ.

ಕಲಬುರಗಿಯ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದೆ. ಫೀ ಕಟ್ಟುವ ಕೊನೆಯ ದಿನಕ್ಕೆ ಸರಿಯಾಗಿ ಅಣ್ಣನ ದುಡ್ಡು ಬರುತ್ತಿತ್ತು. ಒಮ್ಮೆಯೂ ತಪ್ಪಲಿಲ್ಲ. ನಾನೂ ತಪ್ಪಲಿಲ್ಲ, ಒಂದು ವಿಷಯವನ್ನೂ ಉಳಿಸಿಕೊಳ್ಳದೆ ಪಾಸಾದೆ. ಮೊದಲ ಕೆಲಸ ಅಫಜಲಪುರದ ಕಡೆ, ಒಬ್ಬ ಗುತ್ತಿಗೆದಾರರ ಹತ್ತಿರ. ಪಗಾರ ಒಂಬತ್ತು ಸಾವಿರ, ಅದೂ ಅವರ ಬಿಲ್ಲು ಪಾಸಾದ ತಿಂಗಳು ಮಾತ್ರ. ಭೀಮೆಯ ದಂಡೆಯ ಬಿಸಿಲಲ್ಲಿ ಜಲ್ಲಿಯ ಟಿಪ್ಪರ್ ಎಣಿಸುವುದು, ಜನರ ಹಾಜರಿ ಹಾಕುವುದು, ಸಿಮೆಂಟು ಕದ್ದು ಹೋಗದಂತೆ ಚೀಲದ ಪಕ್ಕದಲ್ಲೇ ಮಲಗುವುದು. ಓದಿದ್ದರಲ್ಲಿ ಏನು ಉಪಯೋಗಕ್ಕೆ ಬಂತು ಎಂದು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಸರಕಾರದ ಜೂನಿಯರ್ ಇಂಜಿನಿಯರ್ ಪರೀಕ್ಷೆ ಬರೆದೆ, ಮತ್ತೆ ಬರೆದೆ, ಕರೆದಾಗಲೆಲ್ಲ ಬರೆದೆ, ಆಯ್ಕೆಯಾಗಲಿಲ್ಲ. ಗುತ್ತಿಗೆದಾರನಾಗುವುದಕ್ಕೆ ಡಿಗ್ರಿಗಿಂತ ಮೊದಲು ಬಂಡವಾಳ ಬೇಕು, ಬೆನ್ನಿಗೆ ದೊಡ್ಡವರು ಬೇಕು. ಎರಡೂ ನಮ್ಮಲ್ಲಿ ಇಲ್ಲ. ಈಗ ಜೇವರ್ಗಿಯ ಹತ್ತಿರ ರಸ್ತೆ ಕೆಲಸದಲ್ಲಿದ್ದೇನೆ. ಪಗಾರ ಇಪ್ಪತ್ತೆಂಟು ಸಾವಿರ. ಬಾಡಿಗೆ ಕಟ್ಟಿ, ಮಕ್ಕಳ ಶಾಲೆ ನೋಡಿ, ಊರಿಗೆ ಒಂದಿಷ್ಟು ಕಳಿಸಿದರೆ ತಿಂಗಳು ಮುಗಿಯುವ ಮುಂಚೆ ಕೈ ಖಾಲಿ.

ಇದಾವುದೂ ಅಣ್ಣನಿಗೆ ಹೊಸದಲ್ಲ. ಪ್ರತಿ ಸಲ ಪಗಾರ ಕೇಳುತ್ತಿದ್ದ, ಪ್ರತಿ ಸಲ ಇದ್ದದ್ದನ್ನೇ ಹೇಳುತ್ತಿದ್ದೆ. "ನಿಂದಿನ್ನಾ ಸುರು ಅದ ತಮ್ಮಾ, ಆತದ ತಗೋ" ಎಂದು ನನಗೇ ಸಮಾಧಾನ ಹೇಳುತ್ತಿದ್ದ. ಹನ್ನೆರಡು ವರ್ಷ ಆದಮೇಲೂ ಅವನ ಲೆಕ್ಕದಲ್ಲಿ ನಂದಿನ್ನೂ ಸುರುವೇ ಇತ್ತು.

ಎಳ್ಳಮಾವಾಸ್ಯೆಗೆ ಪುಣೆ ಸೇರಿದವರೆಲ್ಲ ಊರಿಗೆ ಬರುತ್ತಾರೆ. ಅಂದು ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಬೆಳೆದು ನಿಂತ ಪೈರಿಗೆ ಮೊದಲು ಎಡೆ ಕೊಟ್ಟು, ಆಮೇಲೆ ಅಲ್ಲೇ ಕೂತು ಉಣ್ಣುವುದು ಪದ್ಧತಿ. ಅತ್ತಿಗೆ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದರು. ಬೇವಿನ ನೆರಳಲ್ಲಿ ಎಲ್ಲರೂ ಊಟ ಮಾಡಿದೆವು. ಅಣ್ಣನ ಬಲಗೈ ಈಗ ಕಿವಿಗಿಂತ ಮೇಲೆ ಏಳುವುದಿಲ್ಲ. ಈ ಬೇಸಿಗೆಗೆ ಪುಣೆ ಸಾಕು ಮಾಡಿ ಬಂದುಬಿಡುತ್ತೇನೆ ಎಂದು ಅವನೇ ಹೇಳಿದ್ದ, ಅತ್ತಿಗೆ ಅದನ್ನು ಅರ್ಧ ಊರಿಗೆ ಸಾರಿದ್ದರು. ಊಟವಾದ ಮೇಲೆ ಹೆಂಗಸರು ಪಕ್ಕದ ಹೊಲದ ಕಡಲೆ ಗಿಡದ ಎಳೆ ಸೊಪ್ಪು ಚಿವುಟಲು ಹೋದರು. ಅಣ್ಣ ನನ್ನ ಪಕ್ಕ ಬಂದು ಕೂತ.

"ನನ್ ಮಗಳು ಸಿವಿಲ್ ಮಾಡ್ತೇನಿ ಅನ್ನಾಕತ್ಯಾಳ. ಕಾಕಾನಂಗ ಆಗ್ತೇನಿ ಅಂತ. ಹಿಸಾಬ ಹೇಳು ತಮ್ಮಾ. ಅಕಿ ಓದ್ತಾಳಂದ್ರ ನಾ ಇನ್ನಾ ನಾಲ್ಕ ವರ್ಷ ಅಲ್ಲೇ ಇರಬೇಕಾತದ."

ಅವಳು ಆಳಂದದ ಕಾಲೇಜಿನಲ್ಲಿ ಎರಡನೇ ಪಿಯುಸಿ. ಜಾಣೆ. ನನ್ನ ಸೈಟಿನ ಹೆಲ್ಮೆಟ್ ತಲೆಗಿಟ್ಟುಕೊಂಡು ಕನ್ನಡಿಯಲ್ಲಿ ನೋಡಿಕೊಂಡವಳು. ನಾನು ಬೇರೆಯವರಿಗೆ ಹೇಳುವುದನ್ನೇ ಹೇಳಿದೆ.

"ಎಲ್ಲಾ ಹಿಡದು ಆರು ಲಕ್ಷದ ಹತ್ರ ಬರ್ತದಣ್ಣಾ."

"ಆಗ್ಲಿ. ಪಗಾರ?"

"ಹದಿನೈದು ಸಾವಿರ ಕೊಟ್ರ ಪುಣ್ಯಾ."

ಅಣ್ಣ ನಕ್ಕ. "ಅದು ಸುಪರ್‌ವೈಜರಂದು ಹೇಳಾಕತ್ತೀದಿ ನೀ. ಇಂಜಿನಿಯರಂದು ಹೇಳೋ ಮಾರಾಯ."

ಆಗ ನನಗೆ ತಿಳಿಯಿತು. ಇಷ್ಟು ವರ್ಷ ಅವನ ತಲೆಯಲ್ಲಿ ಏನಿತ್ತು ಎಂಬುದು ಪೂರ್ತಿ ತಿಳಿಯಿತು.

"ಅಣ್ಣಾ, ನಿಮ್ ಸೈಟಿನ್ಯಾಗ ಮುಂಜಾನಿಂದ ಬಿಸಲಾಗ ನಿಂತು ಹಾಜರಿ ಹಾಕ್ತಾರಲ್ಲ, ಟೇಪ್ ಹಿಡದು ಅಳೀತಾರಲ್ಲ, ಅವರೇ ಇಂಜಿನಿಯರ್. ಅವ್ರೂ ನನ್ನಂಗ ನಾಲ್ಕ ವರ್ಷ ಓದಿ ಬಂದಾರ."

"ಯಾರು? ನಾವು ಸುಪರ್‌ವೈಜರ್ ಅಂತೇವಲ್ಲ, ಅವ್ರಾ?"

"ಅವ್ರೇ."

"ಮತ್ತ ಕಾರಿನ್ಯಾಗ ಬರಾಂವ?"

"ಅಂವ ಮಾಲಕ ಇರಬೇಕಣ್ಣಾ. ಇಲ್ಲಂದ್ರ ಮಾಲಕನ ಕಡ್ಯಾಂವ. ಅಂವ ಏನ್ ಓದ್ಯಾನೋ ಯಾರಿಗಿ ಗೊತ್ತ."

ಅಣ್ಣ ನನ್ನ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದೇನೋ ಎಂದು ಹುಡುಕಿದಂತಿತ್ತು.

"ತಿಂಗಳ ಕಡಿಗಿ ನನ್ ಹತ್ರ ಕೈಗಡ ಒಯ್ತಾರಲ್ಲೋ ಅವ್ರು," ಎಂದ. "ಮೆಸ್ಸಿನ ದುಡ್ಡಿಲ್ಲ ಕಾಕಾ ಅಂತ ನನ್ ಡಬ್ಬಿಯಾಗಿನ ರೊಟ್ಟಿ ತಿಂತಾರಲ್ಲೋ."

ನಾನೂ ಅಫಜಲಪುರದಲ್ಲಿ ಗಾರೆ ಕೆಲಸದ ಗೌಂಡಿಗಳ ಡಬ್ಬಿಯ ರೊಟ್ಟಿ ತಿಂದವನೇ. ಅಣ್ಣನ ದಿನಗೂಲಿ ಈಗ ಸಾವಿರದ ಹತ್ತಿರ, ಓವರ್‌ಟೈಮ್ ಬೇರೆ. ಅವರ ಪಗಾರಕ್ಕಿಂತ, ಎಷ್ಟೋ ತಿಂಗಳು ನನ್ನ ಪಗಾರಕ್ಕಿಂತಲೂ ಅವನ ದುಡಿಮೆ ಹೆಚ್ಚು. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಇರಲಿಲ್ಲ. ಅವನು ಲೆಕ್ಕದಲ್ಲಿ ನನಗಿಂತ ಚುರುಕು. ಒಳಗೊಳಗೇ ಕೂಡಿಸುತ್ತಿರುವುದು ಕಾಣುತ್ತಿತ್ತು: ನನ್ನ ಫೀ, ನನ್ನ ರೂಮು, ಮಗಳು ಹುಟ್ಟಿದ ದಿನ ಊರಿಗೆ ಬರಲಾಗದ್ದು, ತಗಡಿನ ಶೆಡ್ಡು. ಸತ್ಯ ಹೇಳಿದರೆ ಮಗಳ ನಾಲ್ಕು ವರ್ಷದ ಭಾರ ಅವನಿಗೆ ತಪ್ಪುತ್ತದೆ ಎಂದುಕೊಂಡು ಹೇಳಿದ್ದೆ. ಆ ಸತ್ಯ ಹಿಂದಕ್ಕೂ ತಿರುಗಿ ಅವನ ಅರ್ಧ ಆಯುಷ್ಯವನ್ನೇ ತಿಂದುಹಾಕಿತು.

"ಹಂಗಾರ ನಾ ಯಾಕ ಹೋಗಿದ್ನೋ ತಮ್ಮಾ?" ಎಂದು ಕೇಳಿದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಓದಿದವನು ನಾನು, ನನಗೆ ಗೊತ್ತಿರಬಹುದು ಎಂಬಂತೆ ನಿಜವಾಗಿ ಕೇಳಿದ. ನಾನು ಹೊಲದಲ್ಲಿ ಮಕ್ಕಳ ಹಾಗೆ ಅತ್ತೆ. ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಕೊಟ್ಟು, "ಹೆಣ್ಮಕ್ಕಳು ಬರಾಕತ್ಯಾರ, ಮಾರಿ ಒರಸ್ಕೋ" ಎಂದ. ಆಮೇಲೆ ಆ ಮಾತು ಎತ್ತಲಿಲ್ಲ.

ಮರುದಿನ ಆಳಂದದ ಬಸ್ ನಿಲ್ದಾಣಕ್ಕೆ ಅವನನ್ನು ಕಳಿಸಲು ಹೋದೆ. ಬೇಸಿಗೆಗೆ ಬರುತ್ತಾನೆ ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಮಗಳಿಗೆ ಬಿಎಸ್ಸಿ, ಬಿಎಡ್ ಮಾಡಿಸುವುದು, ಖರ್ಚು ಕಡಿಮೆ, ಅದನ್ನು ನಾನೇ ನೋಡಿಕೊಳ್ಳುವುದು ಎಂದು ದಾರಿಯುದ್ದಕ್ಕೂ ಹೇಳಿದೆ. ಅಣ್ಣ ಹೂಂಗುಟ್ಟಿದ. ಬಸ್ಸು ಬಂದು ನಿಂತ ಮೇಲೆ ಬಾಯಿಬಿಟ್ಟ.

"ಅಕಿಗಿ ಸಿವಿಲ್ಲೇ ಹಚ್ಚು."

"ಅಣ್ಣಾ, ನಿನ್ನಿ ಎಲ್ಲಾ ಹೇಳೀನಲ್ಲ."

"ಹೇಳೀದಿ. ನೀ ಹೇಳಿದ ಹಿಸಾಬ ಖರೇನೇ ಅದ." ಚೀಲವನ್ನು ಎಡಗೈಗೆ ಬದಲಿಸಿಕೊಂಡ. "ಆದ್ರ ಈಗ ಅಕಿನ್ನ ಬ್ಯಾಡಂದ್ರ, ನಿನ್ನ ಓದಿಸಿದ್ದೂ ತಪ್ಪಾತು ಅಂತ ಮನಿಯಾಗ ಎಲ್ಲಾರಿಗಿ ಗೊತ್ತಾತದ. ನಿನಗ ತಲಿ ಎತ್ತಾಕ ಆಗಂಗಿಲ್ಲ. ನಾ ಇನ್ನಾ ನಾಕ್ ವರ್ಷ ಮಾಡ್ತೇನಿ ತಗೋ."

ನಾನು ತೋಳು ಹಿಡಿದುಕೊಂಡೆ. ಬಿಡಿಸಿಕೊಂಡು ಹತ್ತಿದ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೂತವನು ನನ್ನ ಕಡೆ ನೋಡಿ, ಮನೆಗೆ ಹೋಗು ಎಂದು ಸನ್ನೆ ಮಾಡಿದ. ಅವಳ ಕೋರ್ಸು ಮುಗಿಯುವ ಹೊತ್ತಿಗೆ ಅಣ್ಣನಿಗೆ ಐವತ್ತು ದಾಟಿರುತ್ತದೆ.