ಜಾಗ ಬದಲಿಸಿದ ಬಾಗು

ದೆವ್ವ, ಶಕುನ ಅಂತ ಯಾರಾದರೂ ಶುರು ಮಾಡಿದರೆ ನಾನು ನಗುತ್ತಿದ್ದೆ. ಈಗ ನಂಬುತ್ತೇನೆ ಅಂತಲೂ ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನೆಲದಡಿಯ ಫೈಬರ್ ಕೇಬಲ್ ಪರೀಕ್ಷಿಸುವುದು ನನ್ನ ಕೆಲಸ. ಒಂದು ತುದಿಗೆ ಯಂತ್ರ ಜೋಡಿಸಿ ಬೆಳಕು ಬಿಡುತ್ತೇವೆ. ವಾಪಸ್ ಬರುವ ಬೆಳಕನ್ನು ಅಳೆದು ಯಂತ್ರ ಪರದೆಯ ಮೇಲೆ ಒಂದು ಗೆರೆ ಬರೆಯುತ್ತದೆ. ಗೆರೆ ಕುಸಿದ ಕಡೆ ಬೆಳಕು ಸೋರುತ್ತಿದೆ ಎಂದರ್ಥ. ಅದು ಎಷ್ಟು ದೂರದಲ್ಲಿ ಅನ್ನುವುದೂ ತಿಳಿಯುತ್ತದೆ. ಜಾಯಿಂಟ್ ಕೆಟ್ಟಿದ್ದರೆ ನಾವು ಬಿಡುವ ಎರಡು ಬಗೆಯ ಬೆಳಕಿನಲ್ಲೂ ನಷ್ಟ ಹೆಚ್ಚುಕಡಿಮೆ ಒಂದೇ. ಕೇಬಲ್ ಬಾಗಿದ್ದರೆ ಒಂದರಲ್ಲಿ ಎದ್ದು ಕಾಣುತ್ತದೆ.

ಜಾಯಿಂಟ್ ಹಾಕುತ್ತಿದ್ದವನು ಶಿವು. ಹನ್ನೊಂದು ವರ್ಷ ಒಟ್ಟಿಗೆ ದುಡಿದವರು, ಒಂದೇ ಡಬ್ಬಿಯಲ್ಲಿ ಉಂಡವರು. ಒಮ್ಮೆ ಚಿಕ್ಕಜಾಲದ ಹತ್ತಿರ, ಕೇಬಲ್ ಹಾದುಹೋಗುವ ಒಂದು ಗುಂಡಿಯಲ್ಲಿ ಅವನು ಕೇಬಲನ್ನು ತೀರಾ ಬಿಗಿಯಾಗಿ ಸುತ್ತಿ ಕಟ್ಟಿಬಿಟ್ಟಿದ್ದ. ಪರದೆಯ ಗೆರೆಯನ್ನು ಅವನಿಗೆ ತೋರಿಸಿದೆ. "ನಾಳೆ ಬೆಳಿಗ್ಗೆನೇ ಬಿಚ್ಚಿ ಸರಿ ಮಾಡ್ತೀನಿ ಗುರು, ನನ್ ಮಗಳಾಣೆ. ನೀನು ಸೈನ್ ಹಾಕು" ಅಂದ. ಹಾಕಿದೆ. ಅವನು ಬಿಚ್ಚಲೇ ಇಲ್ಲ ಅನ್ನುವುದು ಕಂಪ್ಲೇಂಟ್ ಬಂದ ಮೇಲೆ ಗೊತ್ತಾಯಿತು. ಆಗಲೂ ನಾನು ಅವನ ಹೆಸರು ಎತ್ತಲಿಲ್ಲ.

ಅದಾಗಿ ವಾರಕ್ಕೆ, ತಂಗಿಗೆ ಹುಷಾರಿಲ್ಲ, ಅವಳ ಊರು ಮಾಕಳಿಗೆ ಹೋಗ್ಬೇಕು ಅಂತ ಶಿವು ರಜೆ ಹಾಕಿದ. ಲೈನುಗಳೆಲ್ಲ ಬಂದು ಸೇರುವ ಯಲಹಂಕದ ಕೋಣೆಯಲ್ಲಿ ನಾನೊಬ್ಬನೇ ಕೋಗಿಲು ಕಡೆಯ ಲೈನ್ ನೋಡುತ್ತಿದ್ದೆ. ಮಟಮಟ ಮಧ್ಯಾಹ್ನ. ಒಂದೂವರೆ ಕಿಲೋಮೀಟರಿನಲ್ಲಿ ಬಾಗು ಕಂಡಿತು. ಹೋಗಿ ಗುಂಡಿಯ ಮುಚ್ಚಳ ತೆಗೆದರೆ ಕೇಬಲ್ ಸಡಿಲವಾಗಿ ಬಿದ್ದಿತ್ತು. ವಾಪಸ್ ಬಂದು ಮತ್ತೆ ಬೆಳಕು ಬಿಟ್ಟೆ. ಮೊದಲಿನ ಜಾಗ ಸರಿಯಾಗಿತ್ತು, ಬಾಗು ಎರಡು ಕಿಲೋಮೀಟರ್ ದಾಟಿತ್ತು. ಯಂತ್ರದ ವೈರು ಬದಲಿಸಿದೆ, ಕೇಬಲಿನ ಬೇರೆ ಎಳೆಯಲ್ಲಿ ನೋಡಿದೆ. ಅದೇ ಕಥೆ. ಹತ್ತು ನಿಮಿಷ ಬಿಟ್ಟು ನೋಡಿದಾಗ ಮೂರಕ್ಕೆ ಹೋಗಿ ನಿಂತಿತ್ತು. ಆಮೇಲೆ ಅಲುಗಲಿಲ್ಲ. ಹೂತ ಕೇಬಲಿನ ಬಾಗು ಹೀಗೆ ನಡೆದಾಡುವುದಿಲ್ಲ.

ಆ ಜಾಗಕ್ಕೆ ಹೋದೆ, ಕೋಗಿಲಿನ ಒಂದು ಹೋಟೆಲಿನ ಪಕ್ಕ. ಮುಚ್ಚಳದ ಸುತ್ತ ಹುಲ್ಲು ಬೆಳೆದಿತ್ತು, ಯಾರೂ ಎತ್ತಿದ ಗುರುತಿರಲಿಲ್ಲ. ಎತ್ತಲು ಬಗ್ಗಿದವನಿಗೆ ಶಿವುವಿನ ದನಿ ಕೇಳಿಸಿತು. ಮಾಕಳಿಯಲ್ಲಿರಬೇಕಿದ್ದವನು ಹೋಟೆಲಿನ ಹೊರಗಿನ ಮೇಜಿನಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದ. ಎದುರಿಗೆ ನಮ್ಮ ಸೂಪರ್‌ವೈಸರ್, ನಡುವೆ ಚಿಕ್ಕಜಾಲದ ರಿಪೋರ್ಟು.

"ನಾನು ಬಿಚ್ಚಿ ಮಾಡೋಣ ಅಂದೆ ಸಾರ್. ಅವನೇ ಬೇಡ ಅಂದ. ಟೆಸ್ಟ್ ಮಾಡ್ದೇನೇ ಸೈನ್ ಹಾಕ್ದ."

ಸೂಪರ್‌ವೈಸರ್ ತಲೆಯೆತ್ತಿ ನನ್ನನ್ನು ನೋಡಿದರು, ಶಿವು ತಿರುಗಿದ. ಏನು ಮಾಡಬೇಕೆಂದು ತೋಚದೆ ನಾನು ಮುಚ್ಚಳ ಎತ್ತಿದೆ. ಕೇಬಲ್ ನೇರವಾಗಿತ್ತು. ಸಂಜೆ ನೋಡಿದಾಗ ಗೆರೆಯಲ್ಲೂ ಏನೂ ಇರಲಿಲ್ಲ.

ಆ ವಾರವೇ ನನ್ನ ಕೆಲಸ ಹೋಯಿತು. ಮೂರು ಗೆರೆಗಳ ನಕಲುಗಳು ಇನ್ನೂ ನನ್ನ ಹತ್ತಿರ ಇವೆ. ನನಗಿಂತ ಬಲ್ಲವರಿಗೆ ತೋರಿಸಿದ್ದೇನೆ. ಬಾಗೇ ಹೌದು ಅನ್ನುತ್ತಾರೆ, ಹೇಗೆ ಅಂದರೆ ಹಾಳೆ ವಾಪಸ್ ಕೊಡುತ್ತಾರೆ. ನನಗೂ ತಿಳಿದಿಲ್ಲ.

ತಿಂಗಳುಗಳಾದ ಮೇಲೆ ಶಿವು ಹೆಬ್ಬಾಳದಲ್ಲಿ ಸಿಕ್ಕಿದ. ಬೈಕ್ ನಿಲ್ಲಿಸಿ ಹತ್ತಿರ ಬಂದ. ತಪ್ಪಾಯ್ತು ಅನ್ನುತ್ತಾನೇನೋ ಅಂದುಕೊಂಡೆ.

"ನನ್ ಹಿಂದೆ ಯಾರನ್ನ ಬಿಟ್ಟಿದ್ದೆ? ನಾನಲ್ಲಿದ್ದೀನಿ ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಇಲ್ಲ ಕಣೋ. ಲೈನ್ ತೋರಿಸ್ತು, ಬಂದೆ."

ಸುಳ್ಳುಗಾರನನ್ನು ನೋಡುವ ಹಾಗೆ ನನ್ನನ್ನು ನೋಡಿ ಬೈಕ್ ಹತ್ತಿ ಹೋದ.