ಎದೆ ಅಂದರೆ ಯಾವ ಎದೆ?

ಹೋದ ತಿಂಗಳು ನನಗೆ ಹಾರ್ಟ್ ಅಟ್ಯಾಕ್ ಆಯಿತು. ವಿಷಯ ನನಗೆ ಗೊತ್ತಾದದ್ದು ಗೆಳತಿ ನಳಿನಿ ಫೋನ್ ಮಾಡಿ ಅತ್ತಾಗ.

"ಸ್ಟೆಂಟಾ, ಬೈಪಾಸ್ಸಾ? ನಿಜ ಹೇಳೇ" ಎಂದಳು.

ಆಗಿದ್ದೇ ಬೇರೆ. ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ತೀರಾ ಆರಂಭದ ಹಂತ. ಸಣ್ಣ ಆಪರೇಷನ್, ಆಮೇಲೆ ರೇಡಿಯೇಷನ್ ಎಂದರು ಡಾಕ್ಟರ್. ಹೆದರಿಕೆ ಆಗಲಿಲ್ಲವೇ? ಆಯಿತು. ಆಸ್ಪತ್ರೆಯಿಂದ ಹೂಡಿಯ ಮನೆ ತಲುಪುವಷ್ಟರಲ್ಲಿ (ಟ್ರಾಫಿಕ್ ಇತ್ತು, ಹೆದರಲು ಬೇಕಾದಷ್ಟು ಟೈಮ್ ಸಿಕ್ಕಿತು) ನನ್ನ ರೇಷ್ಮೆ ಸೀರೆಗಳು ಯಾರಿಗೆ ಎಂಬಲ್ಲಿಯವರೆಗೆ ಯೋಚಿಸಿ ಮುಗಿಸಿದ್ದೆ.

ಗೆಳತಿಯರಿಗೆ ಹೇಳಬೇಕಲ್ಲ? ಮೊದಲು ಯಾರಿಗೆ ಫೋನ್ ಮಾಡಿದೆನೋ ಅವಳು ಅತ್ತಳು. ಸಮಾಧಾನ ಮಾಡಿದೆ. ಎರಡನೆಯವಳೂ ಅತ್ತಳು. ಕಾಯಿಲೆ ನನ್ನದು, ಸಮಾಧಾನ ಅವರಿಗೆ. ಫೋನ್ ಕೆಳಗಿಟ್ಟೆ.

"ನೀನು ಮಲಕ್ಕೋ. ಗ್ರೂಪಿಗೆ ನಾನೇ ಒಂದು ಮೆಸೇಜ್ ಹಾಕ್ತೀನಿ" ಎಂದು ನನ್ನ ಗಂಡ ಫೋನ್ ಇಸಿದುಕೊಂಡರು. ಸರ್ಕಾರಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಏನು ಬರೆದರೂ ನೋಟಿಸ್ ಬೋರ್ಡಿಗೆ ಬರೆದಂತಿರುತ್ತದೆ. "ನನ್ನ ಶ್ರೀಮತಿಯವರಿಗೆ ಎದೆಯ ಸಮಸ್ಯೆ ಇದ್ದು, ಸೋಮವಾರ ಆಪರೇಷನ್ ನಡೆಯಲಿದೆ. ಯಾರೂ ಗಾಬರಿಯಾಗಬಾರದಾಗಿ ಕೋರಿಕೆ."

ಎಲ್ಲರೂ ಗಾಬರಿಯಾದರು.

ಮನೆಗೆ ಓಟ್ಸ್ ಬಂತು. ತುಪ್ಪ ಮುಟ್ಟಬೇಡ ಎಂಬ ಆಜ್ಞೆ ಬಂತು. ಪ್ರಾಣಾಯಾಮದ ವೀಡಿಯೊಗಳು ಬಂದವು. ಒಬ್ಬಳಂತೂ, "ನಾನು ಆಗ್ಲೇ ಹೇಳಿದ್ದೆ, ನೀನು ಟೆನ್ಶನ್ ಜಾಸ್ತಿ ಮಾಡ್ಕೋತೀಯ ಅಂತ" ಎಂದು ಗೆದ್ದವಳಂತೆ ಹೇಳಿದಳು.

"ಏನ್ರೀ ಹೀಗ್ ಬರ್ದಿದ್ದೀರ?"

"ಎದೆ ಅಂದ್ರೆ ಎದೆನೇ. ಇನ್ನೇನು ಬರೀಲಿ?" ಎಂದು ಗೋಡೆ ನೋಡಿದರು. ಅವರನ್ನೇಕೆ ಬೈಯಲಿ? ಫೋನಿನಲ್ಲಿ ನಾನೂ "ಅಲ್ಲಿ ಒಂದು ಗಂಟು ಕಣೆ" ಎಂದೇ ಹೇಳಿದ್ದೆ.

ಅಷ್ಟರಲ್ಲಿ ಕೆಳಗಿನ ಮನೆಯಿಂದ ನಮ್ಮ ಓನರ್ ಮುನಿಯಮ್ಮ ಹತ್ತಿ ಬಂದರು. ಹೂಡಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲಿರುವವರು. ವಾಟ್ಸಾಪ್ ಇಲ್ಲ, ಕೇಳಬೇಕಾದ್ದನ್ನು ಎದುರಿಗೇ ಕೇಳುತ್ತಾರೆ.

"ಎದೆ ಅಂದ್ರೆ ಯಾವ್ ಎದೆ ಕಣವ್ವ? ಒಳಗಿಂದಾ, ಮೇಲಿಂದಾ?"

"ಮೇಲಿಂದು" ಎಂದೆ.

"ಅಂಗಾದ್ರೆ ಮೊಲೇಲಿ ಗಂಟು ಅನ್ನು. ಮಕ್ಳಿಗೆ ಆಲು ಕುಡ್ಸಿದ್ ಜಾಗ ತಾನೆ? ಅದ್ಕೆಂತ ನಾಚ್ಕೆ?"

ನನ್ನ ಗಂಡ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಮುನಿಯಮ್ಮ ಹೋದ ಮೇಲೆ ನಾನೇ ಟೈಪ್ ಮಾಡಿದೆ: "ಹಾರ್ಟ್ ಗಟ್ಟಿಯಾಗಿದೆ. ನನಗಿರುವುದು ಸ್ತನ ಕ್ಯಾನ್ಸರ್. ಬೇಗ ಗೊತ್ತಾಗಿದೆ. ತುಪ್ಪ ತಿನ್ನುತ್ತೇನೆ."

ಗ್ರೂಪ್ ತಣ್ಣಗಾಯಿತು. ದಿನಕ್ಕೆ ಹತ್ತು ಗುಡ್ ಮಾರ್ನಿಂಗ್ ಹಾಕುವವರೂ ಮೌನ. ಕೊನೆಗೆ ಯಾರೋ ಒಬ್ಬರು ಕೈಮುಗಿದ ಚಿತ್ರ ಹಾಕಿದರು.

ಸಂಜೆ ನಳಿನಿ ಫೋನ್ ಮಾಡಿದಳು. ಮಾರತ್ತಹಳ್ಳಿಯ ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್; ಇಡೀ ಫ್ಲೋರಿಗೆ ಕೇಳಿಸುವ ಗಂಟಲು. ಅವತ್ತು ಆಫೀಸಿನ ಮೆಟ್ಟಿಲ ಮೇಲೆ ನಿಂತು ಪಿಸುಗುಟ್ಟುತ್ತಿದ್ದಳು.

"ನಿಂಗೆ ಹೇಗ್ ಗೊತ್ತಾಯ್ತೇ? ನೋವಿತ್ತಾ?"

"ಇರ್ಲಿಲ್ಲ. ಯಾಕೆ?"

"ನಂಗೂ ಒಂದಿದೆ. ದೀಪಾವಳಿಯಿಂದ. ಮನೇಲಿ ಹೇಗ್ ಹೇಳೋದು ಅಂತ ಗೊತ್ತಾಗ್ಲಿಲ್ಲ."

ದೀಪಾವಳಿ ಮುಗಿದು ಯುಗಾದಿಯೂ ಕಳೆದಿತ್ತು. ನನಗೆ ನಗು ಬರಲಿಲ್ಲ.

ಮಾರನೇ ದಿನವೇ ಅವಳನ್ನು ನನ್ನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಸ್ಕ್ಯಾನ್ ಆಯಿತು, ಸೂಜಿ ಪರೀಕ್ಷೆಯೂ ಆಯಿತು. ಅವಳ ರಿಪೋರ್ಟ್ ಬರುವ ಮೊದಲೇ ನನ್ನ ಆಪರೇಷನ್ ಮುಗಿಯಿತು. ಬ್ಯಾಂಡೇಜ್ ಸಮೇತ ಮನೆಯಲ್ಲಿ ಒರಗಿಕೊಂಡಿದ್ದಾಗ ಅವಳೇ ಬಂದಳು. ಅವಳದು ಬರೀ ನೀರುಗಂಟು, ಅಪಾಯವಿಲ್ಲ. ಜೋರಾಗಿ ಅತ್ತಳು. ನನ್ನ ಗಂಡ ಕಾಫಿ ಕೊಟ್ಟು, "ಏನಾಯ್ತಮ್ಮ?" ಎಂದರು.

"ಸ್ತನದಲ್ಲಿ ಗಂಟಿತ್ತು ಸಾರ್. ಕ್ಯಾನ್ಸರ್ ಅಲ್ವಂತೆ."

ಈ ಸಲ ಅವರು ಪೇಪರ್ ಹುಡುಕಲಿಲ್ಲ. "ಒಳ್ಳೇದಾಯ್ತು ಬಿಡಮ್ಮ" ಎಂದರು.

ಈಗ ನನ್ನ ರೇಡಿಯೇಷನ್ ನಡೆಯುತ್ತಿದೆ. ಸುಸ್ತಾಗುತ್ತದೆ, ಆದರೆ ಚೆನ್ನಾಗಿದ್ದೇನೆ. (ನಳಿನಿ ಎಂಬುದು ಅವಳ ನಿಜವಾದ ಹೆಸರಲ್ಲ. ಬೈಯಬೇಡ ಕಣೆ.)

ಬಾಯಿಬಿಟ್ಟು ಹೆಸರು ಹೇಳಲಾಗದ ಜಾಗವನ್ನು ಡಾಕ್ಟರಿಗೆ ತೋರಿಸುವುದು ಯಾವಾಗ ಕಣ್ರೀ?