ತಂಗಿಗೆ ಬಿಟ್ಟ ಜಾಗ

ಹಾಡುತ್ತಿದ್ದ ಕಲ್ಲವ್ವ ಕಾಕು, ಒಂದು ನುಡಿಯ ಕೊನೆಗೆ ಬಾಯಿ ಮುಚ್ಚಿ ಡಪ್ಪು ಮಾತ್ರ ಬಡಿಯತೊಡಗಿದಾಗ, ಮುಂದಿನ ಸಾಲು ಮರೆತಳೇನೋ ಎಂದು ನನಗೆ ದಿಗಿಲಾಯಿತು. ಅಷ್ಟರಲ್ಲಿ ಇನ್ನೊಂದು ನುಡಿ ಎತ್ತಿಕೊಂಡಳು. ಅದರ ಕೊನೆಯಲ್ಲೂ ಹಾಗೆಯೇ ಸುಮ್ಮನಾದಳು.

ತೊಂಬತ್ತರ ದಶಕದ ಮಾತು. ನಾನು ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದ ದಿಗ್ಗೇವಾಡಿಯ ನಮ್ಮ ನೆರೆಮನೆಯ ಕಲ್ಲವ್ವ ಗೀಗೀ ಪದಕ್ಕೆ ಹೆಸರಾದವಳು. ತಾನೇ ಕಟ್ಟಿದ ಪದಗಳನ್ನು ಮೊದಲ ಸಲ ಒಬ್ಬಳೇ ಹಾಡಿ ಕ್ಯಾಸೆಟ್ ಮಾಡಿಸಲು ಚಿಕ್ಕೋಡಿಗೆ ಬಂದಿದ್ದಳು. ಜೊತೆಗೆ ನಾನಿದ್ದೆ.

“ಅವ್ವಾರ, ನಡುನಡುವ ಖಾಲಿ ಉಳಿಯಾಕತ್ತೈತ್ರಿ. ನುಡಿ ಮುಗಿದ ಮ್ಯಾಲ ಹಿಂದ ‘ಗೀಯ ಗಾ’ ಅಂತ ಸೊಲ್ಲು ಹಿಡಿಯಾಕ ಯಾರನ್ನರ ಕರಸ್ಲೇನ್ರಿ?” ಎಂದ ಕ್ಯಾಸೆಟ್ ಅಂಗಡಿಯವನು.

“ಬ್ಯಾಡಪಾ. ಅಲ್ಲಿ ನನ್ನ ತಂಗಿ ಸೊಲ್ಲು ಹಿಡೀತಿದ್ಲು. ಹೋದ ವರ್ಷ ತೀರಿಕೊಂಡ್ಲು. ಆಕಿ ಜಾಗಾ ಹಂಗ ಇರಲಿ.”

ಅವನು ಮತ್ತೆ ರೆಕಾರ್ಡ್ ಗುಂಡಿ ಒತ್ತಿದ.

ಕೆಲವು ತಿಂಗಳ ನಂತರ ನಾವಿಬ್ಬರೂ ರಾಯಬಾಗಕ್ಕೆ ಹೊರಟಿದ್ದ ಟೆಂಪೋದಲ್ಲಿ ಅದೇ ಕ್ಯಾಸೆಟ್ ಹಾಕಿದ್ದರು. ಖಾಲಿ ಜಾಗ ಬಂದಾಗ, ಹಿಂದೆ ಕುಳಿತಿದ್ದ ಯಾರೋ ಹೆಂಗಸು ತನ್ನಷ್ಟಕ್ಕೆ ಸೊಲ್ಲು ಹಿಡಿದಳು. ಯಾರೆಂದು ನಾನು ತಿರುಗಿ ನೋಡಿದೆ. ಕಾಕು ಮಾತ್ರ ತಿರುಗಲಿಲ್ಲ; ಕಣ್ಣು ಮುಚ್ಚಿ ಕೇಳುತ್ತ ಕುಳಿತಳು.